ಮೂರು ಕಾಲಿನ ಲ್ಯಾಂಡರ್

ಮೈಸೂರಿನ ಶಾಲೆಗಳು ಚಂದ್ರನ ಮೇಲೆ ಇಳಿದದ್ದು ಗುರುಮಲ್ಲಪ್ಪನ ಅಂಗಡಿಯ ಮೂಲಕ. ಯಾವ ಹೆಡ್‌ಮಾಸ್ಟರೂ ಇದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು. ಶಿವರಾಂಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಹೊಲಿಗೆ ಯಂತ್ರ ರಿಪೇರಿಯವನ ಮಗ್ಗುಲಲ್ಲಿ, ಇಬ್ಬರು ನಿಂತರೆ ಮೂರನೆಯವನು ಹೊರಗೇ ಉಳಿಯಬೇಕಾದಷ್ಟು ಸಣ್ಣ ಮಳಿಗೆ ಅವನದು. ಬೋರ್ಡಿನ ಮೇಲೆ ‘ಗುರು ಮಾಡೆಲ್ ವರ್ಕ್ಸ್, ಎಲ್ಲ ಬಗೆಯ ವಿಜ್ಞಾನ ಮಾದರಿಗಳನ್ನು ಮಾಡಿಕೊಡಲಾಗುವುದು’ ಎಂದಿತ್ತು. ಎಲ್ಲ ಬಗೆಯ ವಿಜ್ಞಾನ ಎಂದರೆ ಒಟ್ಟು ಆರು: ಜ್ವಾಲಾಮುಖಿ, ಹೃದಯ, ಮಳೆನೀರು ಕೊಯ್ಲು, ಸೌರಮಂಡಲ, ಗಾಳಿಯಂತ್ರ, ಮತ್ತು ಈಚಿನ ಎರಡು ವರ್ಷಗಳಿಂದ ಚಂದ್ರಯಾನದ ಲ್ಯಾಂಡರ್. ಏಳನೆಯ ವಿಜ್ಞಾನವನ್ನು ಇದುವರೆಗೆ ಯಾರೂ ಕೇಳಿಕೊಂಡು ಬಂದಿರಲಿಲ್ಲ.

ಮೇಷ್ಟ್ರುಗಳೆಂದರೆ ಗುರುಮಲ್ಲಪ್ಪನಿಗೆ ಆಗದು. ಅವರಿಂದಲೇ ಅವನ ಹೊಟ್ಟೆ ತುಂಬುತ್ತಿತ್ತು, ಆದರೂ ಆಗದು. ಅದಕ್ಕೆ ಮೂವತ್ತು ವರ್ಷದ ಹಿಂದಿನ ಕಾರಣವಿತ್ತು. ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು, ಮಠದ ಹಾಸ್ಟೆಲಿನಲ್ಲಿ ಉಂಡು, ಚಿತ್ರಕಲೆಯ ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ ಅವನು ಡ್ರಾಯಿಂಗ್ ಮೇಷ್ಟ್ರ ಕೆಲಸದ ಸಂದರ್ಶನಕ್ಕೆ ಹೋಗಿದ್ದ. ಮೇಜಿನಾಚೆ ಕುಳಿತ ಮೂವರು, ಒಂದು ಮಾವಿನಹಣ್ಣು ಬರಿ ಎಂದು ಹೇಳಿ ಕಾಫಿ ಕುಡಿಯತೊಡಗಿದರು. ಇವನು ಬರೆದ ಮಾವಿನಹಣ್ಣಿನ ತೊಟ್ಟಿನ ಬಳಿ ಸೊನೆ ಒಸರಿ ಒಣಗಿದ ಕಲೆಯೂ ಇತ್ತು. ಕೆಲಸ ಸಿಕ್ಕಿದ್ದು ಮಾವಿನಹಣ್ಣೆಂದು ಬದನೆಕಾಯಿ ಬರೆದವನಿಗೆ. ಮೂವರಲ್ಲಿ ಒಬ್ಬರೂ ಹಾಳೆಯ ಕಡೆ ಕಣ್ಣು ಹಾಯಿಸಲಿಲ್ಲ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ಆಮೇಲೆ ಹಲವು ವರ್ಷ ದಸರಾ ಸ್ತಬ್ಧಚಿತ್ರಗಳಿಗೆ ಪ್ಲೈವುಡ್ ಕೊಯ್ದ, ಅಣೆಕಟ್ಟು, ಆನೆಯ ತಲೆ, ರೇಷ್ಮೆಗೂಡು ಎಲ್ಲ ಮಾಡಿದ. ಕೊನೆಗೆ ಈ ಮಳಿಗೆ ಹಿಡಿದು ಮಾದರಿಗಳಿಗೆ ಇಳಿದ. ಅಂದಿನಿಂದ ಮೇಷ್ಟ್ರುಗಳು ಅವನ ಮುಂದೆ ನಿಂತು, ಅವನು ಕುಳಿತು, ವ್ಯವಹಾರ ನಡೆಯುತ್ತಿತ್ತು. ಗಿರಾಕಿಗೆ ಕೊಡಲು ಅಂಗಡಿಯಲ್ಲಿ ಇನ್ನೊಂದು ಸ್ಟೂಲನ್ನು ಅವನು ಇಟ್ಟುಕೊಂಡಿರಲಿಲ್ಲ.

ಲ್ಯಾಂಡರ್ ಚಂದ್ರನ ಮೇಲೆ ಇಳಿದದ್ದೇ ಇಳಿದದ್ದು, ಊರಿಗೆ ಊರೇ ವಿಜ್ಞಾನಿಯಾಗಿಬಿಟ್ಟಿತು. ಮೇಲಿನಿಂದ ಸುತ್ತೋಲೆಗಳು ಬಂದವು. ಬಾಹ್ಯಾಕಾಶ ದಿನ ಆಚರಿಸಿ, ಸಪ್ತಾಹ ಆಚರಿಸಿ, ಮಕ್ಕಳಲ್ಲಿ ಕುತೂಹಲ ಕೆರಳಿಸಿ, ಕೆರಳಿಸಿದ ಫೋಟೋವನ್ನು ಸಂಜೆ ಐದರೊಳಗೆ ಅಪ್‌ಲೋಡ್ ಮಾಡಿ. ಮೇಷ್ಟ್ರುಗಳು ಬೆವರು ಒರೆಸಿಕೊಂಡು ಗುರುಮಲ್ಲಪ್ಪನ ಅಂಗಡಿಗೆ ಬಂದರು.

"ನಾಳೆ ಬೆಳಗ್ಗೆ ಹತ್ತಕ್ಕೆ ಬೇಕು ಕಣ್ರೀ. ಹೋದ ಸಲ ಆ ಕಾನ್ವೆಂಟ್‌ನೋರಿಗೆ ಕೊಟ್ರಲ್ಲ, ಅಂಥದ್ದೇ."

"ಮಕ್ಕಳ ಕೈಲಿ ಏನಾದ್ರೂ ಮಾಡಿಸ್ಬೇಕಾ? ಬಣ್ಣ ಗಿಣ್ಣ ಅವ್ರೇ ಹಚ್ಲಿ ಅಂತ ಬಿಡ್ಲಾ?"

"ಅಯ್ಯೋ, ಬೇಡ ಬೇಡ. ಹಾಳು ಮಾಡ್ಬುಡ್ತವೆ."

ಮಾದರಿಯ ಜತೆ ಒಂದು ಚೀಟಿ ಉಚಿತ. ಅದರಲ್ಲಿ ಮಗು ಬಾಯಿಪಾಠ ಮಾಡಿ ಒಪ್ಪಿಸಬೇಕಾದ ಹದಿನಾಲ್ಕು ಸಾಲುಗಳಿದ್ದವು. ಹೆಂಡತಿ ಸರ್ವಮಂಗಳಾಳ ಅಕ್ಷರ ದುಂಡಗಿದ್ದದ್ದರಿಂದ ಅವಳೇ ಬರೆದುಕೊಟ್ಟಿದ್ದಳು, ಅದನ್ನೇ ಇವನು ಕಂತೆಕಂತೆಯಾಗಿ ಜೆರಾಕ್ಸ್ ತೆಗೆಸಿಟ್ಟಿದ್ದ. ‘ಮಾನ್ಯ ತೀರ್ಪುಗಾರರೇ, ಈ ಮಾದರಿಯನ್ನು ನಾನು ಸ್ವತಃ ತಯಾರಿಸಿದ್ದೇನೆ’ ಎಂಬುದು ಮೊದಲನೆಯ ಸಾಲು.

"ಮೊದಲನೇ ಸಾಲೇ ಸುಳ್ಳಲ್ವೇನ್ರೀ?" ಎಂದು ಸರ್ವಮಂಗಳಾ ಬರೆಯುವಾಗ ಕೇಳಿದ್ದಳು.

"ಮಿಕ್ಕ ಹದಿಮೂರು ನಿಜ ಅಂತ ಯಾರು ಹೇಳಿದ್ರು ನಿಂಗೆ?" ಎಂದಿದ್ದ ಗುರುಮಲ್ಲಪ್ಪ.

ಇನ್ನು ಕಾಲಿನ ವಿಷಯ. ಚಂದ್ರನ ಮೇಲೆ ಇಳಿದ ಲ್ಯಾಂಡರ್‌ಗೆ ನಾಲ್ಕು ಕಾಲು. ಇದು ಗುರುಮಲ್ಲಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ನೋಡಿ ಮಾಡುವುದೇ ಕಸುಬಾಗಿದ್ದವನು ಮೊದಲ ಸಲ ಟೀವಿಯಲ್ಲಿ ಕಂಡಾಗಲೇ ಎಣಿಸಿಕೊಂಡಿದ್ದ. ಮೊದಮೊದಲು ಮಾಡಿದ ಏಳೆಂಟು ಮಾದರಿಗಳಿಗೆ ನಾಲ್ಕೇ ಕಾಲು ಇಟ್ಟಿದ್ದ. ಆದರೆ ಶಾಲೆಯ ಬೆಂಚುಗಳೆಂದರೆ ಗೊತ್ತಲ್ಲ, ಒಂದಾದರೂ ಸಮ ಇರುವುದಿಲ್ಲ. ನಾಲ್ಕು ಕಾಲಿನ ಲ್ಯಾಂಡರ್ ಅದರ ಮೇಲೆ ಕುಂಟುತ್ತಿತ್ತು. ಒಂದು ಶಾಲೆಯಲ್ಲಿ ಮುಖ್ಯ ಅತಿಥಿಗಳು ದೀಪದ ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಅದು ಅಲ್ಲಾಡಿತಂತೆ. ಹೆಡ್‌ಮಿಸ್ಟ್ರೆಸ್ ಮಾದರಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದು ಅಂಗಡಿಯ ಕಟ್ಟೆಯ ಮೇಲೆ ಕುಕ್ಕಿ, "ನಮ್ಮ ಮಾನ ಕಳೆದ್ರಿ" ಎಂದು ಹೋದಳು. ಗುರುಮಲ್ಲಪ್ಪ ಅರ್ಧ ಗಂಟೆ ಅದರ ಮುಂದೆ ಕುಳಿತಿದ್ದ. ಆಮೇಲೆ ಒಂದು ಕಾಲನ್ನು ಕಿತ್ತು ಉಳಿದ ಮೂರನ್ನು ಸರಿದೂಗಿಸಿ ಅಂಟಿಸಿದ. ಮೂರು ಕಾಲಿನದು ಎಂಥ ಡೊಂಕು ಬೆಂಚಿನ ಮೇಲೂ ಕಲ್ಲಿನ ಹಾಗೆ ನಿಂತಿತು. ಹೆಡ್‌ಮಿಸ್ಟ್ರೆಸ್ ಮರುದಿನ ಬಂದು ನೋಡಿ, ಈಗ ಸರಿಹೋಯಿತು ಎಂದು ಖುಷಿಯಿಂದ ತೆಗೆದುಕೊಂಡು ಹೋದಳು.

ಅಲ್ಲಿಂದ ಮುಂದೆ ಗುರುಮಲ್ಲಪ್ಪನ ಲ್ಯಾಂಡರ್‌ಗಳಿಗೆಲ್ಲ ಮೂರೇ ಕಾಲು. ಶುರುವಿನಲ್ಲಿ ಅವನಿಗೆ ಒಳಗೊಳಗೇ ಅಳುಕಿತ್ತು, ಇಂದಲ್ಲ ನಾಳೆ ಯಾರಾದರೂ ಕೇಳುತ್ತಾರೆ ಎಂದು. ಒಂದು ತಿಂಗಳಾಯಿತು, ಒಂದು ವರ್ಷವಾಯಿತು, ಯಾರೂ ಕೇಳಲಿಲ್ಲ. ಬಿಎಸ್ಸಿ ಬಿಎಡ್ ಮಾಡಿದವರು, ಎಂಎಸ್ಸಿಯಲ್ಲಿ ರ‍್ಯಾಂಕ್ ತೆಗೆದವರು, ಲ್ಯಾಂಡರಿನ ಫೋಟೋವನ್ನೇ ವಾಟ್ಸಾಪಿನ ಮುಖಚಿತ್ರ ಮಾಡಿಕೊಂಡವರು, ಒಬ್ಬರೂ ಎಣಿಸಲಿಲ್ಲ. ಅಳುಕು ಹೋಗಿ ಅದರ ಜಾಗದಲ್ಲಿ ಒಂದು ರುಚಿ ಹುಟ್ಟಿತು. ವಸ್ತುಪ್ರದರ್ಶನ ಎಲ್ಲೇ ಇರಲಿ, ಬಿಡುವು ಮಾಡಿಕೊಂಡು ಹೋಗಿ ಹಿಂದೆ ನಿಲ್ಲುತ್ತಿದ್ದ. ತೀರ್ಪುಗಾರರು ಮೂರು ಕಾಲಿನ ಯಂತ್ರದ ಮುಂದೆ ನಿಂತು ಗಂಭೀರವಾಗಿ ತಲೆಯಾಡಿಸುವುದನ್ನು ನೋಡಿ ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದ, "ಇವತ್ತೂ ಯಾವನ ಕಣ್ಣಿಗೂ ಬೀಳ್ಲಿಲ್ಲ ಕಣೇ. ಕತ್ತೆ ತಂದು ನಿಲ್ಸಿದ್ರೂ ರಾಕೆಟ್ ಅಂತ ನಂಬರ್ ಹಾಕ್ತಾರೆ." ಬದನೆಕಾಯಿಗೆ ಕೆಲಸ ಕೊಟ್ಟ ಆ ಮೂವರನ್ನೇ ದಿನವೂ ಹಿಡಿದು ಹಿಂಡಿದ ಹಾಗೆ ಅವನಿಗೆ ಹಿತವಾಗುತ್ತಿತ್ತು. ನಿಜ ಹೇಳಬೇಕೆಂದರೆ, ಈ ಎರಡು ವರ್ಷದಲ್ಲಿ ಅವನು ಬದುಕಿದ್ದೇ ಆ ಹಿತದ ಮೇಲೆ.

ಹೀಗಿರುವಾಗ ಆಗಸ್ಟ್ ಮೊದಲ ವಾರದ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಒಬ್ಬ ಹುಡುಗಿ ಬಂದು ನಿಂತಳು. ಎಂಟನೆಯ ಕ್ಲಾಸಿರಬೇಕು. ನೀಲಿ ಯೂನಿಫಾರಂ, ಎರಡು ಜಡೆ, ಹೆಗಲಿಗೆ ಬ್ಯಾಗು. ಶ್ರೀರಾಂಪುರದಿಂದ ಸಿಟಿ ಬಸ್ಸಿನಲ್ಲಿ ಬಂದವಳು, ಹೆಸರು ಸಿಂಚನ.

"ಅಂಕಲ್, ಒಂದು ಕಾಲು ಬೇಕಿತ್ತು."

"ಯಾವ ಕಾಲಮ್ಮ?"

"ಲ್ಯಾಂಡರ್‌ದು. ನಮ್ಮ ಸ್ಕೂಲಲ್ಲಿ ನಿಮ್ಮ ಅಂಗಡೀದು ಒಂದಿದೆ, ಬೀರು ಮೇಲೆ. ಅದ್ರಲ್ಲಿ ಮೂರೇ ಕಾಲಿದೆ. ಒಂದು ಎಲ್ಲೋ ಬಿದ್ದೋಗಿರ್ಬೇಕು. ಬೀರು ಕೆಳಗೆಲ್ಲ ಹುಡುಕ್ದೆ, ಸಿಗ್ಲಿಲ್ಲ."

ಗುರುಮಲ್ಲಪ್ಪನ ಕೈಯಲ್ಲಿದ್ದ ಬ್ಲೇಡು ನಿಂತಿತು. ಎರಡು ವರ್ಷದಿಂದ ಯಾರಾದರೂ ಎಣಿಸಲಿ ಎಂದು ಕಾಯುತ್ತಿದ್ದವನು ಎದ್ದು ನಿಂತು ಕೈಮುಗಿಯಬೇಕಿತ್ತು. ಆದರೆ ಅವನಿಗೆ ಆದದ್ದು ಕದ್ದು ಸಿಕ್ಕಿಬಿದ್ದವನ ಅನುಭವ.

"ಬಿದ್ದೂ ಇಲ್ಲ, ಎದ್ದೂ ಇಲ್ಲ. ಇರೋದೇ ಮೂರು," ಎಂದ.

"ನಾಲ್ಕು ಅಂಕಲ್." ಹುಡುಗಿ ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಅದರೊಳಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರವಿತ್ತು, ಮಡಿಚಿ ಮಡಿಚಿ ನಡುವೆ ಬಿಳಿ ಗೆರೆ ಬಿದ್ದಿತ್ತು. "ಇಲ್ಲಿ ಮೂರು ಕಾಣುತ್ತೆ. ಇಲ್ಲಿ ನೋಡಿ, ಹಿಂದ್ಗಡೆ ಇನ್ನೊಂದಿದೆ. ತುದಿ ಮಾತ್ರ ಕಾಣುತ್ತೆ."

ಅವನು ಚಿತ್ರವನ್ನು ಕಣ್ಣಿನಿಂದ ದೂರ ಹಿಡಿದು, ಹತ್ತಿರ ಹಿಡಿದು, ಬಲ್ಲವನ ಗತ್ತಿನಲ್ಲಿ ಹೇಳಿದ, "ಅದು ನೆರಳು."

ಸಿಂಚನ ಚಿತ್ರವನ್ನು ವಾಪಸು ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದಳು. "ನೆರಳಾದ್ರೆ ಮಿಕ್ಕ ಮೂರಕ್ಕೂ ಇರ್ಬೇಕಿತ್ತಲ್ವಾ ಅಂಕಲ್?"

"ನೋಡಮ್ಮ, ಹುಟ್ದಾಗಿಂದ ಇದೇ ಕೆಲ್ಸ ಮಾಡ್ತಿದೀನಿ. ನಿಂಗೆ ಬೇಕಾಗಿರೋದೇನು?"

ಅವಳಿಗೆ ಬೇಕಾಗಿದ್ದುದನ್ನು ಅವಳು ಹೇಳಿದಳು. ವ್ಯೋಮ ವಿಜ್ಞಾನ ಪ್ರಸಾರ ಸಮಿತಿ ಎಂಬವರು ಬಾಹ್ಯಾಕಾಶ ದಿನಕ್ಕೆ ಊರಿನ ಶಾಲೆಗಳಿಗೆಲ್ಲ ಲ್ಯಾಂಡರ್ ಸ್ಪರ್ಧೆ ಇಟ್ಟಿದ್ದಾರೆ. ಗೆದ್ದ ಒಬ್ಬರನ್ನು ಶ್ರೀಹರಿಕೋಟಾಕ್ಕೆ ಕರೆದುಕೊಂಡು ಹೋಗಿ ರಾಕೆಟ್ ಹಾರುವುದನ್ನು ತೋರಿಸುತ್ತಾರೆ. ಒಬ್ಬರನ್ನು ಮಾತ್ರ. ಶಾಲೆಯಲ್ಲಿ ಬೀರು ಮೇಲಿನದಕ್ಕೇ ಬಣ್ಣ ಹಚ್ಚಿ ತೆಗೆದುಕೊಂಡು ಹೋಗು ಎಂದಿದ್ದಾರೆ. ಆದರೆ ಒಂದು ಕಾಲಿಲ್ಲದ್ದನ್ನು ಹೇಗೆ ಒಯ್ಯುವುದು?

"ರಾಕೆಟ್ ಹಾರೋವಾಗ ನೆಲ ನಡುಗುತ್ತಂತೆ, ಕಾಲಿಗೆ ಗೊತ್ತಾಗುತ್ತಂತೆ," ಎಂದಳು. "ಟೀವೀಲಿ ಅದು ಗೊತ್ತಾಗಲ್ಲ ಅಲ್ವಾ?"

"ಕಾಲು ಬಿಡಿಬಿಡಿಯಾಗಿ ಮಾರಲ್ಲ," ಎಂದ ಗುರುಮಲ್ಲಪ್ಪ.

ಅವಳು ಹೋಗಲಿಲ್ಲ. ನೆಲದ ಮೇಲೆ ಬಿದ್ದಿದ್ದ ಥರ್ಮೋಕೋಲ್ ಚೂರುಗಳನ್ನು ನೋಡಿ, ಇವು ಬೇಕಾ ಎಂದು ಕೇಳಿದಳು. ಗುರುಮಲ್ಲಪ್ಪ ದೊಡ್ಡ ಮನಸ್ಸು ಮಾಡಿ ಒಂದು ಕವರಿನ ತುಂಬ ಚೂರು ತುಂಬಿಕೊಟ್ಟ. ನಾಳೆ ಕಸದ ಗಾಡಿಯವನಿಗೆ ಕೊಡಬೇಕಾಗಿದ್ದುದನ್ನು ಕೊಡುವಷ್ಟು ದೊಡ್ಡ ಮನಸ್ಸು ಅವನಿಗೆ ಯಾವಾಗಲೂ ಇತ್ತು.

ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತವನು ಹೆಂಡತಿಗೆ ಇದನ್ನು ತಮಾಷೆಯ ಹಾಗೆ ಹೇಳಿದ. ಸರ್ವಮಂಗಳಾ ನಗಲಿಲ್ಲ.

"ಅಂತೂ ಒಬ್ಳು ಎಣಿಸಿದ್ಲಲ್ಲ. ನೀವು ಕಾಯ್ತಿದ್ದಿದ್ದು ಅದಕ್ಕೇ ಅಲ್ವಾ?"

"ಅವ್ಳೊಬ್ಳು ಎಣಿಸಿದ್ರೆ ಆಗೋಯ್ತಾ?"

"ಎಷ್ಟು ಜನ ಎಣಿಸ್ಬೇಕಿತ್ತು?"

ಗುರುಮಲ್ಲಪ್ಪ ಸಾರಿಗೆ ಉಪ್ಪು ಕಮ್ಮಿ ಎಂದ. ಉಪ್ಪು ಸರಿಯಾಗೇ ಇತ್ತು.

ಸ್ಪರ್ಧೆಗೆ ಎರಡು ದಿನವಿರುವಾಗ ಸಮಿತಿಯ ಕಾರ್ಯದರ್ಶಿ ಮಹದೇವಯ್ಯ ಫೋನ್ ಮಾಡಿದರು. ತೀರ್ಪುಗಾರರಲ್ಲಿ ಒಬ್ಬರು ಮೊಮ್ಮಗಳ ನಾಮಕರಣಕ್ಕೆ ಹೋಗುತ್ತಿದ್ದಾರೆ, ಜಾಗ ಖಾಲಿ ಇದೆ. "ನಿಮಗಿಂತ ಮಾದರಿ ಬಲ್ಲೋರು ಊರಲ್ಲಿ ಯಾರಿದಾರೆ ಸ್ವಾಮಿ? ಬಂದ್ಬುಡಿ." ಗುರುಮಲ್ಲಪ್ಪ ಆಗಲಿ ನೋಡೋಣ ಎಂದು ಹೇಳಿ, ಫೋನ್ ಇಟ್ಟ ಮೇಲೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಒಬ್ಬನೇ ನಕ್ಕ. ಮೂವತ್ತು ವರ್ಷದ ಮೇಲೆ ಮೇಜಿನ ಆಚೆ ಕಡೆಯ ಕುರ್ಚಿ ಬಂದಿತ್ತು. ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿದ. ಹಣೆಗೆ ಎಂದಿಗಿಂತ ಎದ್ದು ಕಾಣುವ ಹಾಗೆ ವಿಭೂತಿ ಹಚ್ಚಿಕೊಂಡ. ಆ ಹುಡುಗಿ ಸ್ಪರ್ಧೆಗೆ ಬರುತ್ತಾಳೆ ಎಂಬುದು ಅವನಿಗೆ ಹೊಳೆಯಲಿಲ್ಲ ಎಂದಲ್ಲ. ಹೊಳೆದದ್ದನ್ನು ಪಕ್ಕಕ್ಕೆ ಸರಿಸಿದ.

ಸ್ಪರ್ಧೆ ನಡೆದದ್ದು ರಾಜೀವನಗರದ ಕಡೆಯ ಒಂದು ಸಭಾಂಗಣದಲ್ಲಿ. ಬಾಗಿಲಲ್ಲಿ ಮುಖದ ಜಾಗ ಕೊರೆದ ಗಗನಯಾತ್ರಿಯ ರಟ್ಟಿನ ಗೊಂಬೆ ನಿಲ್ಲಿಸಿದ್ದರು. ಅದರೊಳಗೆ ಮುಖ ತೂರಿಸಿ ಫೋಟೋ ಹೊಡೆಸಿಕೊಳ್ಳಲು ಮಕ್ಕಳಿಗಿಂತ ಮೇಷ್ಟ್ರುಗಳ ಸಾಲೇ ಉದ್ದವಿತ್ತು. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದು, ಚಂದ್ರನ ಬಗ್ಗೆ ಎರಡು ಮಾತು ಎಂದು ಹೇಳಿ ತಮ್ಮ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಹಾರ ಹಾಕಿಸಿಕೊಂಡು ಹೊರಟುಹೋದರು. ಮಕ್ಕಳು ಬಲಗೈ ಮುಂದೆ ಚಾಚಿ, ನಾವು ವಿಜ್ಞಾನಿಗಳಾಗುತ್ತೇವೆ ಎಂದು ಪ್ರತಿಜ್ಞೆ ಮಾಡಿದವು. ಹಿಂದಿನ ಸಾಲಿನವು ಕೈ ನೋವು ಬಂದದ್ದಕ್ಕೆ ಎಡಗೈಗೆ ಬದಲಾಯಿಸಿಕೊಂಡವು.

ಆಮೇಲೆ ತೀರ್ಪು. ತೀರ್ಪುಗಾರರು ಮೂವರು: ಕಾರ್ಯದರ್ಶಿ ಮಹದೇವಯ್ಯ, ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಪ್ರಿನ್ಸಿಪಾಲ್ ಶಿವಶಂಕರ್, ಮತ್ತು ಎದೆಗೆ ಬಿಲ್ಲೆ ಚುಚ್ಚಿಕೊಂಡ ಗುರುಮಲ್ಲಪ್ಪ. ಮೇಜುಗಳ ಮೇಲೆ ಹನ್ನೊಂದು ಲ್ಯಾಂಡರ್‌ಗಳಿದ್ದವು. ಅದರಲ್ಲಿ ಹತ್ತು ಅವನವೇ.

ಆ ಒಂದು ಗಂಟೆ ಅವನ ಜೀವಮಾನದ ಹಬ್ಬ. ಮಕ್ಕಳು ಒಬ್ಬರಾದ ಮೇಲೊಬ್ಬರು ಅವನ ಕಣ್ಣಲ್ಲಿ ಕಣ್ಣಿಟ್ಟು, ಈ ಮಾದರಿಯನ್ನು ನಾನು ಸ್ವತಃ ತಯಾರಿಸಿದ್ದೇನೆ ಎಂದು ಶುರು ಮಾಡಿದವು. ಪಕ್ಕದಲ್ಲಿ ಮೇಷ್ಟ್ರುಗಳು ನೆಲ ನೋಡುತ್ತ ನಿಂತಿದ್ದರು, ಕೆಲವರು ಅವನಿಗೆ ಹಲ್ಲು ಗಿಂಜಿದರು. ಲಿಖಿತ್ ಎಂಬ ಹುಡುಗ ಹದಿನಾಲ್ಕೂ ಸಾಲನ್ನು ಒಂದೇ ಉಸಿರಿನಲ್ಲಿ, ಕೈಯಾಡಿಸಿಕೊಂಡು, ಕೊನೆಯಲ್ಲಿ ಜೈಕಾರದೊಂದಿಗೆ ಒಪ್ಪಿಸಿದ. ಶಿವಶಂಕರ್, "ಎಷ್ಟು ಸ್ಪಷ್ಟವಾದ ಉಚ್ಚಾರಣೆ" ಎಂದು ತಲೆದೂಗಿದರು. ಮೂರು ಕಾಲು ಅವರ ಮೂಗಿನ ಕೆಳಗೇ ಇತ್ತು.

ಹನ್ನೊಂದನೆಯ ಮೇಜು ಸಿಂಚನಳದು.

ಅವಳ ಲ್ಯಾಂಡರ್ ನೋಡಲು ಚೆನ್ನಾಗಿರಲಿಲ್ಲ. ಥರ್ಮೋಕೋಲ್ ಚೂರುಗಳನ್ನು ಅಂಟಿಸಿ ಅದರ ಮೇಲೆ ಸಿಹಿತಿಂಡಿ ಡಬ್ಬದ ಹಳದಿ ಹಾಳೆ ಸುತ್ತಿದ್ದಳು, ಒಂದು ಕಡೆ ಮಿಠಾಯಿ ಅಂಗಡಿಯ ಹೆಸರು ಇನ್ನೂ ಕಾಣುತ್ತಿತ್ತು. ಆದರೆ ಕಾಲುಗಳ ವಿಷಯ ಬೇರೆ. ಅವಳ ಅಪ್ಪ ಜವರಯ್ಯ ಶ್ರೀರಾಂಪುರದ ಬಸ್‌ಸ್ಟಾಪಿನ ಹತ್ತಿರ ಕೂತು ಛತ್ರಿ, ಬ್ಯಾಗು ರಿಪೇರಿ ಮಾಡುವವನು. ಮುರಿದ ಛತ್ರಿಗಳ ಕಡ್ಡಿಯಿಂದ, ಕೀಲಿರುವ ಜಾಗದಲ್ಲಿ ಮಡಿಚಿ, ನಡುವೆ ಸ್ಪ್ರಿಂಗ್ ಹಾಕಿ ಕಾಲು ಮಾಡಿದ್ದಳು. ನಾಲ್ಕು ಕಾಲು. ಕಣ್ಣು ಬಿಟ್ಟು ನೋಡಿದವನಿಗೆ ಅದು ಕೆಲಸ ಬಲ್ಲವರ ಕೈ ಎಂದು ತಿಳಿಯುತ್ತಿತ್ತು, ಗುರುಮಲ್ಲಪ್ಪನಿಗೆ ತಿಳಿಯಿತು. ಲ್ಯಾಂಡರಿನ ಪಕ್ಕದಲ್ಲಿ ಒಂದು ತಟ್ಟೆ ತುಂಬ ಮರಳಿತ್ತು, ಅದರ ಒಂದು ಬದಿ ಎತ್ತರ, ಒಂದು ಬದಿ ತಗ್ಗು.

"ಹೇಳಮ್ಮ," ಎಂದರು ಮಹದೇವಯ್ಯ.

ಅವಳಿಗೆ ಭಾಷಣ ಬರಲಿಲ್ಲ. ಲ್ಯಾಂಡರನ್ನು ಎತ್ತಿ ಮರಳಿನ ಮೇಲೆ ಬಿಟ್ಟಳು. ಕಾಲುಗಳು ಕುಸಿದು ಮತ್ತೆ ಎದ್ದು ಅದು ನಿಂತಿತು. ಇಳಿಜಾರಿನ ಮೇಲೆ ಬಿಟ್ಟಳು, ಅಲ್ಲೂ ನಿಂತಿತು. ಆಮೇಲೆ ಕಾಲುಗಳನ್ನು ಬಿಚ್ಚಿ, ನಡುವೆ ಸಮನಾಗಿ ಜಾಗ ಬಿಟ್ಟು ಮೂರನ್ನು ಮಾತ್ರ ಸಿಕ್ಕಿಸಿ ಅದೇ ಇಳಿಜಾರಿನ ಮೇಲೆ ಬಿಟ್ಟಳು. ಅದು ಮಗುಚಿಕೊಂಡಿತು.

"ಒಬ್ರು ಅಂಕಲ್ ಮೂರೇ ಕಾಲು ಅಂದ್ರು," ಎಂದಳು. ಗುರುಮಲ್ಲಪ್ಪನ ಕಡೆ ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು. "ಅವ್ರು ಹೇಳಿದ್ದೇ ಸರಿ ಇರ್ಬೋದು ಅಂತ ಮೂರು ಹಾಕೂ ನೋಡ್ದೆ ಸಾರ್. ಇಳಿಜಾರಲ್ಲಿ ಇಪ್ಪತ್ತು ಸಲ ಬೀಳಿಸ್ದೆ. ಮೂರು ಕಾಲಿಂದು ಹನ್ನೊಂದು ಸಲ ಮಗುಚ್ಕೊಳ್ತು. ನಾಲ್ಕು ಕಾಲಿಂದು ಎರಡೇ ಸಲ. ಚಂದ್ರನ ಮೇಲೆ ನೆಲ ಸಮ ಇರಲ್ಲ. ಅದಕ್ಕೇ ನಾಲ್ಕು ಇಟ್ಟಿರ್ಬೇಕು."

ಸಭಾಂಗಣದಲ್ಲಿ ಆ ದಿನ ನಡೆದ ವಿಜ್ಞಾನ ಇಷ್ಟೇ. ಅದನ್ನು ನೋಡಲು ಅಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ.

ಶಿವಶಂಕರ್ ಕನ್ನಡಕ ಮೇಲೆತ್ತಿ ಉಳಿದ ಮೇಜುಗಳ ಕಡೆ ನೋಡಿದರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ವಿದ್ಯಾವಂತ ಗುರುಮಲ್ಲಪ್ಪನ ಲ್ಯಾಂಡರಿನ ಕಾಲು ಎಣಿಸಿದ. ಎಣಿಸಿ ಆಡಿದ ಮಾತು ಇದು:

"ಮಿಕ್ಕ ಹತ್ತಕ್ಕೂ ಮೂರೇ ಇದೆಯಲ್ಲಮ್ಮ. ಹತ್ತು ಶಾಲೆಯೋರೂ ತಪ್ಪು ಮಾಡ್ತಾರಾ?"

"ಮಾಡಿರ್ಬೋದು ಸಾರ್," ಎಂದಳು ಸಿಂಚನ.

ಮೇಷ್ಟ್ರುಗಳು ನಕ್ಕರು. ಮಹದೇವಯ್ಯ ಅವಳನ್ನು ಪಾರುಮಾಡುವವರಂತೆ, "ಹೋಗ್ಲಿ, ಈ ಯೋಜನೆಯಿಂದ ಜನಸಾಮಾನ್ಯರಿಗೆ ಏನು ಉಪಯೋಗ ಹೇಳು," ಎಂದರು. ಅದು ಚೀಟಿಯ ಹನ್ನೆರಡನೆಯ ಸಾಲಿನಲ್ಲಿತ್ತು. ಅವಳ ಹತ್ತಿರ ಚೀಟಿ ಇರಲಿಲ್ಲ.

"ಗೊತ್ತಿಲ್ಲ ಸಾರ್."

ಶಿವಶಂಕರ್ ಗುರುಮಲ್ಲಪ್ಪನ ಕಡೆ ತಿರುಗಿದರು. "ಮಾದರಿ ತಜ್ಞರು ನೀವೇ ಇದೀರಲ್ಲ. ಕಾಲು ಎಷ್ಟು, ಹೇಳ್ಬುಡಿ. ಮೂರೋ, ನಾಲ್ಕೋ?"

ಎಲ್ಲರೂ ಅವನತ್ತ ನೋಡಿದರು. ಹತ್ತು ಶಾಲೆಯ ಹತ್ತು ಮೇಷ್ಟ್ರುಗಳು, ಹತ್ತು ಜನವೂ ಅವನ ಗಿರಾಕಿಗಳು. ಸಿಂಚನಳೂ ನೋಡಿದಳು, ಅವಳ ಮುಖದಲ್ಲಿ ದೂರೇನೂ ಇರಲಿಲ್ಲ, ಗೊತ್ತಿರುವವರು ಈಗ ಹೇಳುತ್ತಾರೆ ಎಂಬ ನಿರೀಕ್ಷೆಯಿತ್ತು. ನಾಲ್ಕು ಎಂಬುದು ಒಂದು ಸಣ್ಣ ಪದ. ಅದನ್ನು ಆಡಿದ್ದರೆ ಆ ಹುಡುಗಿ ಶ್ರೀಹರಿಕೋಟಾಕ್ಕೆ ಹೋಗುತ್ತಿದ್ದಳು. ಮೇಷ್ಟ್ರುಗಳ ಮುಖಕ್ಕೆ ಮಂಗಳಾರತಿ ಎತ್ತಲು ಇದಕ್ಕಿಂತ ಒಳ್ಳೆಯ ಗಳಿಗೆಯೂ ಇರಲಿಲ್ಲ, ಎರಡು ವರ್ಷದಿಂದ ಅವನು ಮನಸ್ಸಿನಲ್ಲಿ ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದ ಬೈಗುಳವೆಲ್ಲ ನಾಲಗೆಯ ತುದಿಯಲ್ಲಿತ್ತು. ಆದರೆ ಮುಂದಿನ ಪ್ರಶ್ನೆ, ಮೂರು ಕಾಲಿನದನ್ನು ಮಾಡಿದವನು ಯಾರು ಎಂಬುದು.

"ಸಾಮಾನ್ಯವಾಗಿ ಮೂರು," ಎಂದ ಗುರುಮಲ್ಲಪ್ಪ.

ಆ 'ಸಾಮಾನ್ಯವಾಗಿ'ಯಲ್ಲಿ ಅವನ ಪೂರ್ತಿ ಯೋಗ್ಯತೆ ಇತ್ತು. ಶುದ್ಧ ಸುಳ್ಳು ಹೇಳಲೂ ಒಂದು ಎದೆ ಬೇಕು, ಅದೂ ಅವನಿಗಿರಲಿಲ್ಲ.

ಮಹದೇವಯ್ಯ ಅಂಕಪಟ್ಟಿಯಲ್ಲಿ ಸಿಂಚನಳ ಹೆಸರಿನ ಮುಂದೆ ‘ಮಾಹಿತಿ ದೋಷ, ವಿವರಣೆ ಇಲ್ಲ’ ಎಂದು ಬರೆದರು. ಮೂವರೂ ಕೆಳಗೆ ಸಹಿ ಹಾಕಿದರು. ಲಿಖಿತ್ ಗೆದ್ದ. ಅವನ ಕೊರಳಿಗೆ ಹಾರ ಬಿತ್ತು, ಅವನ ಮೇಷ್ಟ್ರ ಕೊರಳಿಗೂ ಬಿತ್ತು, ಮೂರು ಕಾಲಿನ ಲ್ಯಾಂಡರನ್ನು ನಡುವೆ ಹಿಡಿದು ಫೋಟೋ ಆಯಿತು. ಫೋಟೋದಲ್ಲಿ ಗುರುಮಲ್ಲಪ್ಪನೂ ಇದ್ದಾನೆ, ಎಡಗಡೆಯಿಂದ ಎರಡನೆಯವನು.

ಊಟಕ್ಕೆ ಬಿಸಿಬೇಳೆಬಾತ್ ಇತ್ತು. ಅವನು ತಟ್ಟೆ ಹಿಡಿದು ನಿಂತ. ಜೀವಮಾನವಿಡೀ ಕಣ್ಣಿಲ್ಲದವರೆಂದು ಯಾರನ್ನು ಉಗಿಯುತ್ತ ಬಂದನೋ ಅವರು ನಿಜಕ್ಕೂ ಏನೂ ತಿಳಿಯದೆ ತಪ್ಪು ಮಾಡಿದ್ದರು. ಮಾವಿನಹಣ್ಣನ್ನು ನೋಡದೆ ಬಿಟ್ಟ ಆ ಮೂವರೂ ನೋಡಿರಲಿಲ್ಲ, ಅಷ್ಟೆ. ಇವನು ನೋಡಿ, ಚೆನ್ನಾಗಿ ನೋಡಿ, ಬದನೆಕಾಯಿಗೆ ಸಹಿ ಹಾಕಿದ್ದ. ಇಷ್ಟು ಅವನ ತಲೆಗೆ ಹೋಗುವಷ್ಟರಲ್ಲಿ ತಟ್ಟೆ ತಣ್ಣಗಾಗಿತ್ತು. ಅದನ್ನು ಕಿಟಕಿಯ ಮೇಲಿಟ್ಟು ಮಹದೇವಯ್ಯನವರನ್ನು ಹುಡುಕಿಕೊಂಡು ಹೋದ.

"ಸಾರ್, ಅದು ನಾಲ್ಕು."

"ಯಾವುದು?"

"ಕಾಲು. ಆ ಹುಡುಗಿ ಮಾಡಿದ್ದೇ ಸರಿ. ಮಿಕ್ಕ ಹತ್ತನ್ನೂ ಮಾಡಿಕೊಟ್ಟೋನು ನಾನು. ಗೊತ್ತಿದ್ದೇ ಮೂರು ಹಾಕಿದ್ದು."

ಮಹದೇವಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದರು. ಕೋಪ ಬರುತ್ತದೆ ಎಂದು ಗುರುಮಲ್ಲಪ್ಪ ಕಾದ, ಬರಲಿ ಎಂದು ಆಸೆಯನ್ನೂ ಪಟ್ಟ. ಬರಲಿಲ್ಲ.

"ಇರ್ಲಿ ಬಿಡಿ. ಹೆಸರು ಕಳ್ಸಾಯ್ತು, ಫೋಟೋನೂ ಹೋಯ್ತು. ಕೆಳಗಡೆ ನಿಮ್ಮದೇ ಸಹಿ ಇದೆಯಲ್ಲ ಸ್ವಾಮಿ." ಅವರು ಬೆರಳಿನಲ್ಲಿ ಹಲ್ಲಿನ ಸಂದಿಯ ಕರಿಬೇವು ತೆಗೆದರು. "ಹೇಳ್ಲೇಬೇಕು ಅಂತಿದ್ರೆ ಮೈಕ್ ಇನ್ನೂ ಬಿಚ್ಚಿಲ್ಲ. ಎಲ್ಲ ಮೇಷ್ಟ್ರೂ ಇದಾರೆ. ಹೋಗಿ ಹೇಳಿ, ನಾನೇನೂ ಬೇಡ ಅನ್ನಲ್ಲ. ಆಗ ಪಟ್ಟಿ ತಿದ್ದೋದು ನೋಡೋಣ."

ಮೈಕು ವೇದಿಕೆಯ ಮೇಲಿತ್ತು, ಇಪ್ಪತ್ತು ಹೆಜ್ಜೆ. ಕೆಳಗೆ ಮೇಷ್ಟ್ರುಗಳು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು. ಗುರುಮಲ್ಲಪ್ಪ ಏಳೆಂಟು ಹೆಜ್ಜೆ ಹೋದ. ಹಿಂದೆ ಆಟೋದಲ್ಲಿ ಬಂದು ಮಾದರಿ ಕುಕ್ಕಿಹೋಗಿದ್ದ ಹೆಡ್‌ಮಿಸ್ಟ್ರೆಸ್ ಎದುರಾಗಿ, "ಬರೋ ತಿಂಗಳು ನಮಗೆ ಇನ್ನೆರಡು ಬೇಕು ಕಣ್ರೀ" ಎಂದಳು. "ಆಗ್ಲಿ ಮೇಡಂ," ಎಂದ. ಅಲ್ಲಿಂದ ಅವನು ವೇದಿಕೆಯ ಕಡೆ ಹೋಗಲಿಲ್ಲ, ಮೇಜುಗಳ ಕಡೆ ತಿರುಗಿದ.

ಸಿಂಚನ ನೆಲದ ಮೇಲೆ ಕುಳಿತು ಲ್ಯಾಂಡರಿನ ಕಾಲುಗಳನ್ನು ಬಿಚ್ಚುತ್ತಿದ್ದಳು. ಅವಳು ಅಳುತ್ತಿದ್ದರೆ ಅವನಿಗೆ ಸಮಾಧಾನ ಹೇಳಲು ಬರುತ್ತಿತ್ತು. ಅವಳು ಅಳುತ್ತಿರಲಿಲ್ಲ. ಪತ್ರಿಕೆಯ ಹಾಳೆ ಹಾಸಿ, ಒಂದೊಂದೇ ಕಡ್ಡಿಯನ್ನು ಒರೆಸಿ ಅದರ ಮೇಲೆ ಜೋಡಿಸುತ್ತಿದ್ದಳು.

"ನಾಲ್ಕು ಅಂತ ಹೇಳಿ ಬಂದೆ ಕಣಮ್ಮ," ಎಂದ.

ಅವಳು ಕತ್ತೆತ್ತಿದಳು. "ಯಾರಿಗೆ?"

"ಮಹದೇವಯ್ಯನೋರಿಗೆ."

"ಮತ್ತೆ, ನಾನು ಹೋಗ್ಬೋದಾ?"

"ಇಲ್ಲ. ಹೆಸರು ಕಳಿಸ್ಬುಟ್ಟಿದಾರೆ."

ಅವಳು ಇದನ್ನು ಸ್ವಲ್ಪ ಹೊತ್ತು ಯೋಚಿಸಿದಳು, ಅಂಗಡಿಯಲ್ಲಿ ಆ ಚಿತ್ರವನ್ನು ನೋಡಿದ ಹಾಗೆಯೇ.

"ನಿಮ್ಗೆ ಈಗ ಗೊತ್ತಾಯ್ತಾ ಅಂಕಲ್, ಇಲ್ಲ ಮೊದ್ಲೇ ಗೊತ್ತಿತ್ತಾ?"

ಈಗ ಗೊತ್ತಾಯಿತು ಎಂದು ಹೇಳಬಹುದಿತ್ತು. ನಿನ್ನ ಪ್ರಯೋಗ ನೋಡಿ ತಿಳಿಯಿತು ಎಂದರೆ ಅವಳಿಗೆ ಖುಷಿಯೂ ಆಗುತ್ತಿತ್ತೇನೋ. ಆ ದಿನ ಗುರುಮಲ್ಲಪ್ಪನ ಬಾಯಿಂದ ಬಂದ ಒಂದೇ ಗಟ್ಟಿ ಮಾತು ಇದು:

"ಮೊದ್ಲೇ ಗೊತ್ತಿತ್ತು."

"ಅಂಗಡೀಲೂ?"

"ಅಂಗಡೀಲೂ."

"ನಿಮ್ಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ," ಎಂದಳು ಸಿಂಚನ. "ಪಾಪ ಅನ್ಕೊಂಡು, ಅಲ್ಲಿ ನಿಮ್ಮ ಹೆಸ್ರು ಹೇಳ್ಲಿಲ್ಲ."

ಅವನು ಅಂಗಡಿಗೆ ಬಾ ಎನ್ನಬೇಕೆಂದಿದ್ದ, ಏನು ಬೇಕಾದರೂ ತೆಗೆದುಕೊಂಡು ಹೋಗು ಎನ್ನಬೇಕೆಂದಿದ್ದ. ಅವಳು ಅವನ ಮುಖ ನೋಡುತ್ತಿರಲಿಲ್ಲ, ಅವನ ಚಪ್ಪಲಿ ನೋಡುತ್ತಿದ್ದಳು.

"ಸ್ವಲ್ಪ ಸರೀರಿ. ಪೇಪರ್ ಮೇಲೆ ನಿಂತಿದೀರ, ಮಡಿಚ್ಬೇಕು."

ಗುರುಮಲ್ಲಪ್ಪ ಸರಿದು ನಿಂತ.